ಲಿಸ್ಬನ್‌ಗೂ ನಮ್ಮ ಕರಾವಳಿಗೂ ನಡುವಿನ ರಾಯಭಾರ

ಕಾರವಾರದ ಹಬ್ಬುವಾಡದಿಂದ ಬಿಣಗಾ ದಾಟಿ ಅರ್ಗಾದ ಕಡೆ ಹೋದರೆ ಕಡಲಲ್ಲಿ ಕಾಣುವ ದ್ವೀಪ ಅಂಜದೀವ. ದಡಕ್ಕೆ ಇಷ್ಟು ಹತ್ತಿರವಿದ್ದರೂ ಆಡಳಿತದ ಲೆಕ್ಕದಲ್ಲಿ ಅದು ಗೋವಾದ ಕಾಣಕೋಣ ತಾಲ್ಲೂಕಿನದು. ಪೋರ್ಚುಗೀಸರು ಬಿಟ್ಟುಹೋದ ಗಡಿಯೇ ಇಂದಿಗೂ ಉಳಿದುಕೊಂಡಿದೆ. ಅವರೊಂದಿಗಿನ ನಮ್ಮ ನಂಟಿನಲ್ಲಿ ಕೋಟೆ, ಫಿರಂಗಿಗಳ ಕಥೆಯನ್ನು ಎಲ್ಲರೂ ಕೇಳಿದ್ದೇವೆ. ಮಾತಾಡಲೆಂದು ಹೋದವರ, ಬಂದವರ ಕಥೆ ಮಾತ್ರ ಅಷ್ಟಾಗಿ ಯಾರ ಬಾಯಲ್ಲೂ ಇಲ್ಲ.

ಆ ಕಥೆ ಶುರುವಾಗುವುದೂ ಅಂಜದೀವದಲ್ಲೇ. 1498ರ ಸೆಪ್ಟೆಂಬರಿನಲ್ಲಿ ವಾಸ್ಕೊ ಡ ಗಾಮಾ ಊರಿಗೆ ಮರಳುವ ಮುನ್ನ ಹಡಗುಗಳ ರಿಪೇರಿಗೆ ಇಲ್ಲಿ ಲಂಗರು ಹಾಕಿದ್ದ. ಗೋವೆಯ ಒಡೆಯನ ಕಡೆಯವನೆಂದು ಹೇಳಿಕೊಂಡು ಒಬ್ಬ ಯಹೂದಿ ಸ್ನೇಹದ ಮಾತಾಡುತ್ತ ಹಡಗು ಹತ್ತಿದ. ಗೂಢಚಾರನಿರಬೇಕೆಂಬ ಅನುಮಾನದಲ್ಲಿ ಅವನನ್ನು ಹಿಡಿದು, ಹೊಡೆದು ಬಾಯಿಬಿಡಿಸಿ, ಜೊತೆಗೇ ಲಿಸ್ಬನ್ನಿಗೆ ಒಯ್ದರು. ಕ್ರೈಸ್ತನಾಗಿ ಗಾಸ್ಪರ್ ಡ ಗಾಮಾ ಎಂಬ ಹೆಸರು ಪಡೆದ ಅವನೇ ಮುಂದೆ ಅವರಿಗೆ ದುಭಾಷಿಯಾದ.

1510ರಲ್ಲಿ ಹೊನ್ನಾವರದ ತಿಮ್ಮೋಜನ ಒತ್ತಾಸೆಯಿಂದ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ ಗೋವೆಯನ್ನು ಹಿಡಿದ. ಅದೇ ವರ್ಷ ಫ್ರಾ ಲೂಯಿಸ್ ಎಂಬ ಪಾದ್ರಿಯನ್ನು ಕೃಷ್ಣದೇವರಾಯನ ಆಸ್ಥಾನಕ್ಕೆ ಕಳಿಸಿದ. ಮಾತಿನ ತಿರುಳು ಕುದುರೆ. ಅರಬ್ ನಾಡಿನ ಕುದುರೆಗಳು ವಿಜಯನಗರಕ್ಕೆ ಬೇಕು, ಅವು ಬರುವ ಕಡಲದಾರಿ ಪೋರ್ಚುಗೀಸರ ಕೈಯಲ್ಲಿದೆ. ಪಾದ್ರಿ ಹಿಂತಿರುಗಲಿಲ್ಲ, ವಿಜಯನಗರದಲ್ಲೇ ಕೊಲೆಯಾದ. ಕುದುರೆಯ ಮಾತು ನಿಲ್ಲಲಿಲ್ಲ. 1547ರ ಸೆಪ್ಟೆಂಬರಿನಲ್ಲಿ ಸದಾಶಿವರಾಯನ ವಿಜಯನಗರಕ್ಕೂ ಗೋವೆಗೂ ಆದ ಒಪ್ಪಂದದಲ್ಲಿ ನಮ್ಮ ಅಂಕೋಲೆಯ ಹೆಸರಿದೆ. ಗೋವೆಗೆ ಬರುವ ಕುದುರೆಗಳು ಆದಿಲಶಾಹಿಗೆ ಹೋಗದೆ ವಿಜಯನಗರಕ್ಕೆ ಸಿಗಬೇಕು. ಬದಲಿಗೆ ವಿಜಯನಗರದ ಬಟ್ಟೆ ಆದಿಲಶಾಹಿಯ ಬಂದರುಗಳಿಗೆ ಹೋಗದೆ ಅಂಕೋಲೆಗೋ ಹೊನ್ನಾವರಕ್ಕೋ ಇಳಿಯಬೇಕು. ಅಲ್ಲಿ ಪೋರ್ಚುಗೀಸ್ ವರ್ತಕರು ತಾಮ್ರ, ಹವಳ, ಪಾದರಸ, ಚೀನಾ ರೇಷ್ಮೆ ಕೊಟ್ಟು ಅದನ್ನು ಕೊಳ್ಳಬೇಕು. ಬೇಲೆಕೇರಿಯ ಅದಿರಿನಿಂದ ಸುದ್ದಿಯಾದ ತಾಲ್ಲೂಕು ಆ ಕಾಲಕ್ಕೆ ಎರಡು ಸರಕಾರಗಳ ಕರಾರಿನಲ್ಲಿ ನೇರವಾಗಿ ಕೂತಿತ್ತು ಎಂಬುದನ್ನು ನಮ್ಮ ಶಾಲೆಯ ಮಕ್ಕಳಿಗೆ ಹೇಳಲೇಬೇಕು.

ಇಷ್ಟೆಲ್ಲದರಲ್ಲಿ ನನಗೆ ಬಹಳ ಹತ್ತಿರವಾದದ್ದು 1623ರ ರಾಯಭಾರ. ಅದಕ್ಕೊಬ್ಬ ಒಳ್ಳೆಯ ಕಣ್ಣಿನ ಸಾಕ್ಷಿಯಿದ್ದಾನೆ. ಹಿಂದಿನ ವರ್ಷವಷ್ಟೇ ಪೋರ್ಚುಗೀಸರು ಹೊರ್ಮುಜ್ ಕಳೆದುಕೊಂಡಿದ್ದರು. ಡಚ್ಚರ, ಇಂಗ್ಲಿಷರ ಹಡಗುಗಳು ಅವರ ವ್ಯಾಪಾರವನ್ನು ಕಿತ್ತುಕೊಳ್ಳುತ್ತಿದ್ದವು. ಅವರಿಗೆ ಮೆಣಸು ಬೇಕಿತ್ತು. ಘಟ್ಟದ ಮೆಣಸು ಇದ್ದದ್ದು ಇಕ್ಕೇರಿಯ ವೆಂಕಟಪ್ಪ ನಾಯಕನ ಕೈಯಲ್ಲಿ. ವೆಂಕಟಪ್ಪನೋ ಅವರ ಗೆಳೆಯ ಬಂಗರಸನ ಸೀಮೆಯನ್ನು ನುಂಗಿ ಕೂತಿದ್ದ. ಹೀಗಾಗಿ ಮೆಣಸು ಕೇಳಬೇಕು, ಬಂಗರಸನ ಪರ ವಾದವನ್ನೂ ಮಾಡಬೇಕು ಎಂಬ ಇಕ್ಕಟ್ಟಿನಲ್ಲಿ ಜೊವಾವ್ ಫರ್ನಾಂಡಿಸ್ ಲೈತಾವ್ ಎಂಬಾತ ಅಕ್ಟೋಬರಿನಲ್ಲಿ ಗೋವೆಯಿಂದ ಹೊರಟ. ನಾಡು ನೋಡುವ ಹಂಬಲದ ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲ್ಲೆ ಅವನ ಜೊತೆಗೂಡಿದ. ಅವರ ಸಂಗಡ ಇನ್ನೊಬ್ಬರಿದ್ದರು: ವಿಠಲ ಶೆಣೈ. ವೆಂಕಟಪ್ಪ ನಾಯಕ ಗೋವೆಗೆ ಕಳಿಸಿದ್ದ ರಾಯಭಾರಿ ಇವರೇ. ಎರಡು ರಾಜ್ಯಗಳ ರಾಯಭಾರಿಗಳು ಒಂದೇ ದಾರಿಯಲ್ಲಿ ಇಕ್ಕೇರಿಗೆ ನಡೆದರು.

ಆಗ ಪೋರ್ಚುಗೀಸ್ ಕೋಟೆಯಿದ್ದ ಹೊನ್ನಾವರದಲ್ಲಿ ಇಳಿದು, ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆಗೆ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಗೆ. ದಾರಿಯ ಗುಡಿಯೊಂದರ ಜಗಲಿಯಲ್ಲಿ ದೆಲ್ಲಾ ವಾಲ್ಲೆ ಕಂಡದ್ದು ನಾಲ್ವರು ಹುಡುಗರನ್ನು. ಅವರು ಲೆಕ್ಕವನ್ನು ರಾಗವಾಗಿ ಹೇಳುತ್ತ, ನೆಲದ ಮೇಲೆ ಹರಡಿದ ನಯವಾದ ಮರಳಿನಲ್ಲಿ ಬೆರಳಿಂದ ಅಂಕಿ ಬರೆಯುತ್ತಿದ್ದರು. ಜಾಗ ತುಂಬಿದಾಗ ಅಳಿಸಿ, ಬೇಕಾದರೆ ಮತ್ತಷ್ಟು ಮರಳು ಉದುರಿಸಿ ಮುಂದುವರಿಸುತ್ತಿದ್ದರು. ಅಲ್ಲಿ ಗುರುವಿರಲಿಲ್ಲ, ಮರೆತವನಿಗೆ ಇನ್ನೊಬ್ಬ ಹೇಳಿಕೊಡುತ್ತಿದ್ದ. ಸೆಗಣಿ ಸಾರಿಸಿದ ನೆಲವನ್ನೂ ಅವನು ಬಾಯ್ತುಂಬ ಹೊಗಳಿದ್ದಾನೆ. ಅದನ್ನು ಇಟಲಿಯಲ್ಲಿ ಮಾಡಿ ನೋಡುವ ಆಸೆ ಅವನಿಗೆ. ರಾಯಭಾರದ ಕಾಗದಪತ್ರಗಳಲ್ಲಿ ಮೆಣಸಿನ ತೂಕ, ವರಹದ ಲೆಕ್ಕ ಸಿಗಬಹುದು. ನಮ್ಮ ಘಟ್ಟದ ಮಕ್ಕಳು ಹೇಗೆ ಕಲಿಯುತ್ತಿದ್ದರೆಂಬುದು ಸಿಕ್ಕಿದ್ದು ಜೊತೆಗೆ ನಡೆದ ಈ ಪ್ರವಾಸಿಯ ಕಾಗದಗಳಿಂದ.

ಬಂಗರಸನ ವಿಚಾರದಲ್ಲಿ ವೆಂಕಟಪ್ಪ ಜಗ್ಗಲಿಲ್ಲ. ಮೆಣಸು ತನ್ನ ಕೈಯಲ್ಲಿರುವ ತನಕ ಜಗ್ಗಬೇಕಾಗಿಯೂ ಇಲ್ಲ ಎಂಬುದು ಅವನಿಗೆ ಗೊತ್ತಿತ್ತು. ಆ ಲೆಕ್ಕವನ್ನು ಅವನಿಗೆ ಗೋವೆಯಿಂದ ತಂದುಕೊಟ್ಟವರಲ್ಲಿ ವಿಠಲ ಶೆಣೈಯವರೂ ಇದ್ದಿರಲೇಬೇಕು ಎಂದು ನನ್ನ ನಂಬಿಕೆ. ನಾಯಕರ ಹೆಸರಲ್ಲಿ ನಮ್ಮಲ್ಲಿ ಕೋಟೆಗಳಿವೆ, ಊರುಗಳಿವೆ. ಶತ್ರುವಿನ ಊರಲ್ಲಿ ಕೂತು ನಾಯಕನ ಮಾತನ್ನು ಹೊತ್ತ ಇವರಿಗೆ ಒಂದು ಬೀದಿಯ ಹೆಸರಾದರೂ ಸಲ್ಲಬೇಕು.

1654ರಲ್ಲಿ ವೆಂಕಟಪ್ಪನದೇ ಕೆಳದಿ ಮನೆತನದ ಶಿವಪ್ಪ ನಾಯಕ ಹೊನ್ನಾವರದ ಕೋಟೆಯನ್ನು ಗೆದ್ದ. 1678ರಲ್ಲಿ ಕೆಳದಿಯ ಚೆನ್ನಮ್ಮಾಜಿ ಮತ್ತೆ ಪೋರ್ಚುಗೀಸರೊಡನೆ ಒಪ್ಪಂದ ಮಾಡಿಕೊಂಡು, ಮಿರ್ಜಾನ, ಚಂದಾವರ, ಭಟ್ಕಳಗಳಲ್ಲಿ ಇಗರ್ಜಿ ಕಟ್ಟಲು ಒಪ್ಪಿಗೆ ಕೊಟ್ಟಳು.

ಸ್ವತಂತ್ರ ಭಾರತದ ರಾಯಭಾರ ಕಚೇರಿ ಲಿಸ್ಬನ್ನಿನಲ್ಲಿ ಬಾಳಿದ್ದು ಸ್ವಲ್ಪವೇ ಕಾಲ. 1950ರ ಫೆಬ್ರವರಿಯಲ್ಲಿ ಗೋವಾ ಕುರಿತು ಮಾತುಕತೆಗೆ ಬನ್ನಿ ಎಂದು ದಿಲ್ಲಿ ಕೇಳಿತು. ಗೋವಾ ಪೋರ್ಚುಗಲ್ಲಿನದೇ ಭಾಗ, ಮಾತಾಡುವಂಥದ್ದೇನೂ ಇಲ್ಲ ಎಂದಿತು ಸಾಲಜಾರ್ ಸರಕಾರ. 1953ರ ಜೂನ್ 11ರಂದು ಭಾರತ ಅಲ್ಲಿನ ಕಚೇರಿ ಮುಚ್ಚಿತು. 1955ರಲ್ಲಿ ದಿಲ್ಲಿಯಲ್ಲಿದ್ದ ಪೋರ್ಚುಗೀಸ್ ಕಚೇರಿಯೂ ಮುಚ್ಚಿತು. ಅದೇ ವರ್ಷದ ಆಗಸ್ಟ್ 15ರಂದು ಗೋವಾ ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿತು.

ಅಲ್ಲಿಂದಾಚೆ ಕಾರವಾರದವರಿಗೆ ಪೋರ್ಚುಗಲ್ ಎಂದರೆ ಅಂಜದೀವದ ಪಹರೆಯಷ್ಟೇ. 1961ರ ನವೆಂಬರಿನಲ್ಲಿ ದ್ವೀಪದಿಂದ ಸಾಬರಮತಿ ಎಂಬ ಪ್ರಯಾಣಿಕರ ಹಡಗಿನತ್ತ ಗುಂಡು ಹಾರಿತು. ಕೆಲವೇ ದಿನಗಳಲ್ಲಿ ಮೀನುಗಾರಿಕೆ ದೋಣಿಗಳ ಮೇಲೂ ಹಾರಿ, ಒಬ್ಬ ಮೀನುಗಾರ ಸತ್ತ. ಡಿಸೆಂಬರ್ 18ರಂದು ಐಎನ್‌ಎಸ್ ತ್ರಿಶೂಲ್ ಹಡಗಿನಿಂದ ನಮ್ಮ ನಾವಿಕರು ದ್ವೀಪಕ್ಕೆ ಇಳಿದರು. ಶರಣಾಗತಿಯ ಬಿಳಿ ಬಾವುಟ ತೋರಿಸಿದ ಮೇಲೂ ಗುಂಡು ಬಂತು ಎಂದು ನೌಕಾಪಡೆಯ ಇತಿಹಾಸ ಹೇಳುತ್ತದೆ. ಏಳು ಮಂದಿ ಪ್ರಾಣ ಕೊಟ್ಟರು. ಮಾತುಕತೆಗೆ ಒಪ್ಪದ ಒಂದು ಸರಕಾರದ ಹಟಕ್ಕೆ ತೆತ್ತ ಬೆಲೆ ಅದು.

ಲಿಸ್ಬನ್ನಿನಲ್ಲಿ 1974ರ ಏಪ್ರಿಲ್ ಕ್ರಾಂತಿ ಆ ಆಡಳಿತವನ್ನು ಉರುಳಿಸಿತು. ಅದೇ ವರ್ಷದ ಡಿಸೆಂಬರ್ 31ರಂದು ಅಲ್ಲಿನ ವಿದೇಶಾಂಗ ಮಂತ್ರಿ ಮಾರಿಯೊ ಸೊವಾರೆಸ್ ದಿಲ್ಲಿಗೆ ಬಂದು ನಮ್ಮ ವಿದೇಶಾಂಗ ಮಂತ್ರಿ ವೈ.ಬಿ. ಚವಾಣರೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿದರು. ಗೋವಾ ಭಾರತದ್ದೆಂದು ಪೋರ್ಚುಗಲ್ ಒಪ್ಪಿಕೊಂಡಿತು, ಎರಡೂ ದೇಶಗಳ ರಾಯಭಾರ ಸಂಬಂಧ ಮತ್ತೆ ಕೂಡಿಕೊಂಡಿತು.

ಈ ರಾಯಭಾರಗಳ ದಾರಿಯನ್ನು ನೋಡಬಯಸುವವರಿಗೆ ಅಂಜದೀವ ಸಿಗುವುದಿಲ್ಲ. ಅದು ಈಗ ನೌಕಾನೆಲೆಯ ವಶದಲ್ಲಿದೆ. ಕುಮಟಾ ತಾಲ್ಲೂಕಿನ ಮಿರ್ಜಾನ ಕೋಟೆಗೆ, ಸಾಗರದ ಬಳಿಯ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನಕ್ಕೆ ಹೋಗಿಬರಬಹುದು. ದೆಲ್ಲಾ ವಾಲ್ಲೆಯ ಕಾಗದಗಳನ್ನು ಹ್ಯಾಕ್ಲುಟ್ ಸೊಸೈಟಿ 1892ರಲ್ಲಿ ಇಂಗ್ಲಿಷಿನಲ್ಲಿ ಅಚ್ಚುಹಾಕಿದೆ. ಹೊನ್ನಾವರದಿಂದ ಇಕ್ಕೇರಿಯವರೆಗಿನ ಪುಟಗಳನ್ನು ಜೊತೆಗಿಟ್ಟುಕೊಂಡು ಗೇರುಸೊಪ್ಪೆಯ ದಾರಿ ಹಿಡಿದರೆ ಚೆನ್ನ.