ಟಿಎಂಸಿ ಲೆಕ್ಕ ಎಲ್ಲಿಂದ ಬರುತ್ತದೆ?

ಪ್ರಶ್ನೆ: ಜಲಾಶಯದಲ್ಲಿ ಇಂತಿಷ್ಟು ಟಿಎಂಸಿ ನೀರಿದೆ ಎಂದು ದಿನವೂ ಹೇಳುತ್ತಾರಲ್ಲ, ಅದನ್ನು ಅಳೆಯುವುದು ಹೇಗೆ?

ಉತ್ತರ: ದಿನವೂ ಅಳೆಯುವುದು ನೀರಿನ ಮಟ್ಟವನ್ನು ಮಾತ್ರ. ಮಟ್ಟ ಇಷ್ಟು ಅಡಿ ಇದ್ದರೆ ಸಂಗ್ರಹ ಇಷ್ಟು ಎಂದು ಹೇಳುವ ಕೋಷ್ಟಕ ಮೊದಲೇ ಸಿದ್ಧವಿರುತ್ತದೆ. (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ.) ಆ ಕೋಷ್ಟಕಕ್ಕೆ ಬೇಕಾಗುವುದು ತಳದ ನಕ್ಷೆ. ತೊಡಕಿರುವುದೂ ಅಲ್ಲೇ: ಹೊಳೆ ಹೂಳು ತರುತ್ತದೆ, ತಳ ಮೇಲೇರುತ್ತದೆ, ಕೋಷ್ಟಕ ಹಳತಾಗುತ್ತದೆ.

ನಕ್ಷೆ ಮಾಡಲು ದೋಣಿಯೊಂದು ಗೆರೆ ಎಳೆದಂತೆ ಈ ದಡದಿಂದ ಆ ದಡಕ್ಕೆ ಓಡಾಡುತ್ತದೆ. ಅದರಡಿಯ ಯಂತ್ರ ನೀರಿನೊಳಗೆ ಶಬ್ದ ಬಿಡುತ್ತದೆ. ತಳಕ್ಕೆ ಬಡಿದ ಶಬ್ದ ಮರಳುತ್ತದೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಹೋಗಿ ಬರಲು 0.04 ಸೆಕೆಂಡು ಹಿಡಿದರೆ ಆಳ 30 ಮೀಟರ್. ಜಿಪಿಎಸ್ ಆ ಜಾಗವನ್ನು ಗುರುತಿಸಿಕೊಳ್ಳುತ್ತದೆ. ಮೆತ್ತನೆಯ ಹೂಳು ಯಂತ್ರವನ್ನು ಏಮಾರಿಸುವುದುಂಟು. ಹಾಗಾಗಿ ಎರಡು ಕಂಪನಾಂಕ ಬಳಸುತ್ತಾರೆ: ಒಂದು ಹೂಳಿನ ಮೇಲ್ಮೈಯಿಂದಲೇ ಮರಳುತ್ತದೆ, ಇನ್ನೊಂದು ಕೊಂಚ ಒಳಗಿಳಿಯುತ್ತದೆ. ದೋಣಿ ಹೋಗದ ಅಂಚುಗಳನ್ನು ಬೇಸಿಗೆಯಲ್ಲಿ ನೆಲದ ಮೇಲೆಯೇ ಅಳೆಯಬಹುದು.

ತುಂಗಭದ್ರೆಯನ್ನೇ ನೋಡಿ. 1953ರಲ್ಲಿ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿ. 2008ರ ಸಮೀಕ್ಷೆಯಲ್ಲಿ 100.855ಕ್ಕೆ ಇಳಿದಿತ್ತು, 2016ರಲ್ಲಿ 105.788 ಎಂದಾಯಿತು. ಹೂಳು ತಾನಾಗಿ ಕರಗಿತೆಂದು ಹಿಗ್ಗಬೇಡಿ, ಅಳೆಯುವ ಬಗೆ ಬದಲಾದರೆ ಅಂಕಿಯೂ ಬದಲಾಗುತ್ತದೆ. ಮೂರು ರಾಜ್ಯಗಳು ಹಂಚಿಕೊಳ್ಳುವ ನೀರಿನಲ್ಲಿ ಐದು ಟಿಎಂಸಿ ಸಣ್ಣ ಮಾತಲ್ಲ. ಮುಂದಿನ ಬಾರಿ ಜಲಾಶಯ ತುಂಬಿದ ಸುದ್ದಿ ಓದಿದಾಗ, ಸಾಮರ್ಥ್ಯ ಯಾವ ವರ್ಷದ ಸಮೀಕ್ಷೆಯದೆಂದು ಕೇಳಿ.