ಸವಳು ನೆಲದಲ್ಲಿ ಟೊಮೆಟೊಗೊಂದು ಜೊತೆಗಿಡ

ತುಂಗಭದ್ರಾ ಕಾಲುವೆಯ ಕೆಳಗಿನ ಎರೆ ನೆಲದಲ್ಲಿ ಬೇಸಿಗೆ ಹೊತ್ತಿಗೆ ಮಣ್ಣಿನ ಮೇಲೆ ಬಿಳಿ ಪುಡಿ ಕಾಣಿಸಿಕೊಂಡರೆ ಸವಳು ಬಂತೆಂದೇ ಲೆಕ್ಕ. ಹರಿಸಿದ ನೀರು ಬಸಿದುಹೋಗಲು ದಾರಿಯಿಲ್ಲದೆ ಅಂತರ್ಜಲ ಮೇಲೇರುತ್ತದೆ, ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ದೇಶದಲ್ಲಿ ಹೀಗೆ ಉಪ್ಪು, ಕ್ಷಾರಗಳಿಂದ ಕೆಟ್ಟಿರುವ ನೆಲ ಸುಮಾರು 67 ಲಕ್ಷ ಹೆಕ್ಟೇರ್. ಉಪ್ಪು ಬೆಳೆಯನ್ನು ಎರಡು ಬಗೆಯಲ್ಲಿ ಕಾಡುತ್ತದೆ: ಮಣ್ಣಿನಲ್ಲಿ ತೇವವಿದ್ದರೂ ಬೇರು ಅದನ್ನು ಎಳೆದುಕೊಳ್ಳಲಾಗದಂತೆ ಮಾಡುತ್ತದೆ, ಒಳಹೊಕ್ಕ ಸೋಡಿಯಂ, ಕ್ಲೋರೈಡ್‌ಗಳು ಎಲೆಯನ್ನು ಸುಡುತ್ತವೆ. ಮಣ್ಣಿನ ಲವಣಾಂಶ ಮೀಟರಿಗೆ 2.5 ಡೆಸಿಸೀಮನ್ಸ್ ದಾಟಿದ ಮೇಲೆ ಅದು ಒಂದೊಂದು ಅಂಕ ಏರಿದಾಗಲೂ ಟೊಮೆಟೊ ಇಳುವರಿ ಸುಮಾರು ಶೇ. 10ರಷ್ಟು ಇಳಿಯುತ್ತದೆ.

ಆದರೆ ಉಪ್ಪನ್ನೇ ಉಂಡು ಬೆಳೆಯುವ ಗಿಡಗಳೂ ಇವೆ. ಅವು ಸೋಡಿಯಂ ಅನ್ನು ಎಲೆಯ ಜೀವಕೋಶಗಳೊಳಗಿನ ನೀರಿನ ಚೀಲಗಳಲ್ಲಿ ಬೇರೆಯಾಗಿ ಕೂಡಿಟ್ಟುಕೊಳ್ಳುತ್ತವೆ. ಅಂಥ ಗಿಡವನ್ನು ತರಕಾರಿಯ ಮಗ್ಗುಲಲ್ಲೇ ಬೆಳೆಸಿದರೆ ತರಕಾರಿ ಬೇರಿನ ಸುತ್ತಲ ಉಪ್ಪು ಇದರ ಪಾಲಾಗಬೇಕಲ್ಲವೇ? ಇಟಲಿಯ ಸಂಶೋಧಕರು ಟೊಮೆಟೊ ಜೊತೆ ಗೋಣಿ ಸೊಪ್ಪನ್ನೂ, ಅಲ್ಲಿ ಸೊಪ್ಪಾಗಿಯೇ ತಿನ್ನುವ ಸಾಲ್ಸೋಲ ಸೋಡಾವನ್ನೂ ಬೆಳೆಸಿ ಉಪ್ಪುನೀರು ಉಣಿಸಿ ನೋಡಿದರು. ಜೊತೆಗಿಡವಿದ್ದಲ್ಲಿ ಟೊಮೆಟೊ ಗಿಡದೊಳಗೆ ಸೇರಿದ ಸೋಡಿಯಂ ಕಡಿಮೆಯಾಗಿತ್ತು. ನಮ್ಮಲ್ಲಿ ಕಳೆಯೆಂದು ಕಿತ್ತು ಬಿಸಾಡುವ, ಕೆಲವು ಮನೆಗಳಲ್ಲಿ ಮಾತ್ರ ಸಾರಿಗೆ ಬೀಳುವ ಗೋಣಿ ಸೊಪ್ಪಿಗೆ ಇಂಥ ಗುಣವಿದೆಯೆನ್ನುವುದು ಗಮನಿಸಬೇಕಾದ ಮಾತು.

ಈ ಉಪಾಯಕ್ಕೆ ಬಲವಾದ ಆಕ್ಷೇಪವೊಂದಿದೆ: ಗಿಡ ಹೀರುವ ಉಪ್ಪು ನೀರಿನೊಡನೆ ಬಂದು ಸೇರುವುದಕ್ಕಿಂತ ಕಡಿಮೆ. ಅದನ್ನು ಲೆಕ್ಕ ಹಾಕಿಯೇ ನೋಡಬೇಕು. ತಮಿಳುನಾಡಿನಲ್ಲಿ ಇಂಥ ಗಿಡಗಳನ್ನು ಉಪ್ಪುನೆಲದಲ್ಲಿ ಬೆಳೆಸಿ ನೋಡಿದ ಪ್ರಯೋಗ 2007ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ಸುಯೇಡಾ ಎಂಬ ಗಿಡ ನಾಲ್ಕು ತಿಂಗಳಲ್ಲಿ ಹೆಕ್ಟೇರಿಗೆ 504 ಕಿಲೋ, ಸೆಸುವಿಯಂ 474 ಕಿಲೋ ಉಪ್ಪು ಹೀರಬಲ್ಲವು. ಕೇಳಲು ದೊಡ್ಡ ಮೊತ್ತ. ಆದರೆ ಲೀಟರಿಗೆ ಕಾಲು ಗ್ರಾಂ ಮಾತ್ರ ಲವಣವಿರುವ ಒಳ್ಳೆಯ ನೀರನ್ನೇ ಒಂದು ಬೆಳೆಗೆ ಒಟ್ಟು 50 ಸೆಂಟಿಮೀಟರ್ ಹಾಯಿಸಿದರೂ ಹೆಕ್ಟೇರಿಗೆ 1,250 ಕಿಲೋ ಲವಣ ಹೊಸದಾಗಿ ಬಂದು ಸೇರುತ್ತದೆ. ಹೊಲವಿಡೀ ಬರೀ ಸುಯೇಡಾ ಬೆಳೆದರೂ ಅದರ ಅರ್ಧ ಹೊರಹೋಗುವುದಿಲ್ಲ. ಸಾಲಿನ ನಡುವೆ ಬೆಳೆದದ್ದು ಎಷ್ಟು ಹೀರೀತು? ಹಾಗಾಗಿ ಜೊತೆಗಿಡ ಹೊಲದ ಉಪ್ಪನ್ನೆಲ್ಲ ತೊಳೆದುಬಿಡುತ್ತದೆಂದು ಯಾರಾದರೂ ಹೇಳಿದರೆ ನಂಬಬಾರದು. ಆ ಕೆಲಸ ಬಸಿಗಾಲುವೆಯದು, ಮಳೆಯದು. ಮಣ್ಣು ಬಿರುಸಾಗಿ ನೀರೇ ಇಂಗದ ಕ್ಷಾರ ನೆಲವಾದರೆ ಮೊದಲು ಜಿಪ್ಸಂ ಬೇಕು.

ಹಾಗಾದರೆ ಇದರ ಉಪಯೋಗವೇನು? ನನ್ನ ದೃಷ್ಟಿಯಲ್ಲಿ ಬೇರಿನ ಸುತ್ತಲಿನ ಗೇಣಗಲದ ಮಣ್ಣಿನಲ್ಲಿ ಸಿಗುವ ಬಿಡುವೇ ಇದರ ಉಪಯೋಗ. ಆ ಜಾಗದ ಉಪ್ಪು ಒಂದಷ್ಟು ತಗ್ಗುತ್ತದೆ. ನೆಲಕ್ಕೆ ಹರಡುವ ಸೊಪ್ಪು ಬಿಸಿಲನ್ನು ತಡೆಯುವುದರಿಂದ ಕೆಳಗಿನ ಉಪ್ಪು ಮೇಲೇರುವುದೂ ನಿಧಾನವಾಗುತ್ತದೆ. ಟೊಮೆಟೊ ಸೊರಗಿದ ವರ್ಷವೂ ಸೊಪ್ಪು ಕೈಗೆ ಬರುತ್ತದೆ. ಜೊತೆಗಿಡ ನೀರಿಗೂ ಗೊಬ್ಬರಕ್ಕೂ ಪೈಪೋಟಿ ಕೊಡುತ್ತದೆಯೆಂಬ ಮಾತು ನಿಜ. ಒತ್ತಾಗಿ ಹಾಕಿದರೆ ನಷ್ಟವೇ. ಬೀಜ ಉದುರಲು ಬಿಟ್ಟರೆ ಮುಂದಿನ ವರ್ಷ ಅದೇ ಕಳೆ. ಗೋಣಿ ಸೊಪ್ಪಿನಲ್ಲಿ ಆಕ್ಸಲೇಟ್ ಹೆಚ್ಚು, ಉಪ್ಪುನೆಲದ್ದಾದರೆ ಸೋಡಿಯಂ ಕೂಡ. ಮೂತ್ರಪಿಂಡದಲ್ಲಿ ಕಲ್ಲಿರುವವರು, ರಕ್ತದೊತ್ತಡದವರು ಮಿತಿಯಲ್ಲಿರಬೇಕು. ಇಟಲಿಯ ಫಲಿತಾಂಶವನ್ನು ನೂರಾರು ಎಕರೆಗೆ ಒಮ್ಮೆಲೇ ಹಿಗ್ಗಿಸುವುದೂ ತಪ್ಪು. ಬಸಿಗಾಲುವೆ ತೋಡಿದ ಹೊಲದ ಒಂದು ಮೂಲೆಯಲ್ಲಿ, ಮಣ್ಣು ಪರೀಕ್ಷೆ ಮಾಡಿಸಿ, ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಬೆಳೆದು ಹೋಲಿಸಿ ನೋಡುವುದು ಸರಿಯಾದ ಶುರು. ಹಾಗೆ ಬೆಳೆಯುವವರು ಕೊಯ್ದ ಸೊಪ್ಪನ್ನು, ಕಿತ್ತ ಗಿಡವನ್ನು ದಯವಿಟ್ಟು ಬದುವಿನ ಮೇಲೆ ರಾಶಿ ಹಾಕಬೇಡಿ, ಅದೇ ಹೊಲಕ್ಕೆ ಗೊಬ್ಬರವಾಗಿಯೂ ಹಾಕಬೇಡಿ. ಹೊರಗೆ ಸಾಗಿಸದಿದ್ದರೆ ಗಿಡ ಹೀರಿದ ಉಪ್ಪೆಲ್ಲ ಮೊದಲ ಮಳೆಗೇ ಮರಳಿ ಅದೇ ಮಣ್ಣಿಗಿಳಿಯುತ್ತದೆ.