ಡಿಪ್ಲೊಮಾ ಸೀಟು ಹಿಡಿಯೋ ಮುಂಚೆ ಮೊದಲ ವರ್ಷದ ಲ್ಯಾಬ್ ಒಮ್ಮೆ ನೋಡಿ ಬನ್ನಿ

ತುಮಕೂರು: ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮೇಲೆ ಪಾಲಿಟೆಕ್ನಿಕ್‌ಗಳಲ್ಲಿ ಪೋಷಕರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಫೀಸು ಎಷ್ಟು? ಬಸ್ ಎಷ್ಟೊತ್ತಿಗೆ? ಹಾಸ್ಟೆಲ್ ಸಿಗುತ್ತಾ? ಯಾವ ಬ್ರಾಂಚಿಗೆ ಕೆಲಸ ಜಾಸ್ತಿ? ಸ್ವಲ್ಪ ತಿಳಿದವರು ವರ್ಕ್‌ಶಾಪಿನ ಲೇತ್ ನೋಡ್ತಾರೆ, ಕಂಪ್ಯೂಟರ್ ಎಷ್ಟಿವೆ ಅಂತ ಎಣಿಸ್ತಾರೆ. ಮೊದಲ ವರ್ಷದ ಮಕ್ಕಳು ಕೂರುವ ಫಿಸಿಕ್ಸ್, ಕೆಮಿಸ್ಟ್ರಿ, ಬೇಸಿಕ್ ಎಲೆಕ್ಟ್ರಿಕಲ್ ಲ್ಯಾಬ್ ತೋರಿಸಿ ಅನ್ನುವವರು ಕಡಿಮೆ. 'ಅದೆಲ್ಲ ಹೈಸ್ಕೂಲಲ್ಲೇ ಆಯ್ತಲ್ಲ' ಅನ್ನೋ ಮಾತು ಬೇರೆ.

ಆಗಿರಲ್ಲ. ಹೈಸ್ಕೂಲಲ್ಲಿ ಬಹಳಷ್ಟು ಕಡೆ ಮೇಷ್ಟ್ರು ಪ್ರಯೋಗ ಮಾಡಿ ತೋರಿಸ್ತಾರೆ, ಮಕ್ಕಳು ಸುತ್ತ ನಿಂತು ನೋಡ್ತಾರೆ. ಡಿಪ್ಲೊಮಾದಲ್ಲಿ ಉಪಕರಣ ವಿದ್ಯಾರ್ಥಿಯ ಕೈಗೇ ಬರಬೇಕು. ಬಂದರೆ ಏನು ಲಾಭ ಅನ್ನೋದಕ್ಕೆ ಪೇಟೆಯಲ್ಲೇ ಉದಾಹರಣೆ ಇದೆ.

ಮನೆ ವೈರಿಂಗ್‌ಗೆ ಬರುವ 1.5 ಚದರ ಮಿ.ಮೀ. ವೈರ್ ತಗೊಳ್ಳಿ. ಒಳಗೆ ಇರೋದು ಒಂದೇ ದಪ್ಪ ತಂತಿ ಅಲ್ಲ, ಸಣ್ಣ ಎಳೆಗಳು. ಕ್ಯಾಟಲಾಗಿನಲ್ಲಿ 30/0.25 ಅಂತ ಇದ್ದರೆ 30 ಎಳೆ, ಒಂದೊಂದೂ 0.25 ಮಿ.ಮೀ. ವ್ಯಾಸ ಅಂತ ಅರ್ಥ. ಲೆಕ್ಕ ಹಾಕಿದರೆ ತಾಮ್ರ ಸುಮಾರು 1.47 ಚದರ ಮಿ.ಮೀ. ಬರುತ್ತೆ, ಸರಿ ಇದೆ. ಈಗ ಯಾರೋ ಕಳಪೆ ಮಾಲಿನವರು ಅದೇ 30 ಎಳೆಯನ್ನು 0.20 ಮಿ.ಮೀ. ಮಾಡಿ ಕೊಟ್ಟರು ಅಂದುಕೊಳ್ಳಿ. ಕಣ್ಣಿಗೆ ಗೊತ್ತಾಗಲ್ಲ, ಮೇಲಿನ ಪ್ಲಾಸ್ಟಿಕ್ ಅಷ್ಟೇ ದಪ್ಪ ಇರುತ್ತೆ. ಆದರೆ ತಾಮ್ರ 0.94ಕ್ಕೆ ಇಳಿಯಿತು. ವ್ಯಾಸ ಐದರಲ್ಲಿ ಒಂದು ಪಾಲು ಕಮ್ಮಿ, ತಾಮ್ರ ಮಾತ್ರ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಮಾಯ. ವಿಸ್ತೀರ್ಣ ವ್ಯಾಸದ ವರ್ಗದ ಮೇಲೆ ನಿಂತಿರೋದರಿಂದ ಹೀಗೆ. ಲೋಡ್ ಜಾಸ್ತಿ ಬಿದ್ದಾಗ ಆ ವೈರೇ ಮೊದಲು ಬಿಸಿಯಾಗೋದು.

ಇದನ್ನು ಹಿಡಿಯೋಕೆ ಬೇಕಾದ್ದು ಸ್ಕ್ರೂಗೇಜ್. ಸಾಮಾನ್ಯ ಸ್ಕ್ರೂಗೇಜ್ ಮಿಲಿಮೀಟರಿನ ನೂರನೇ ಒಂದು ಭಾಗದವರೆಗೆ ಅಳೆಯುತ್ತೆ. ಎಐಸಿಟಿಇ ಮಾದರಿ ಪಠ್ಯಕ್ರಮದಲ್ಲಿ ಡಿಪ್ಲೊಮಾ ಫಿಸಿಕ್ಸ್ ಲ್ಯಾಬಿನ ಶುರುವಿನ ಪ್ರಯೋಗಗಳಲ್ಲೇ ಇದು ಇದೆ. ಹಾರ್ಡ್‌ವೇರ್ ಅಂಗಡಿಯವರೂ ಒಂದು ಇಟ್ಟುಕೊಂಡರೆ ನಷ್ಟವಿಲ್ಲ. ಆದರೆ ಉಪಕರಣ ಇದ್ದರೆ ಸಾಲದು. ಎರಡು ತುದಿ ಮುಚ್ಚಿದಾಗ ಸೊನ್ನೆ ತೋರಿಸದಿದ್ದರೆ ಆ ತಪ್ಪನ್ನು ರೀಡಿಂಗ್‌ನಲ್ಲಿ ಕಳೀಬೇಕು, ಇಲ್ಲ ಕೂಡಬೇಕು. ಬಿಗಿಯಾಗಿ ತಿರುಗಿಸಿದರೆ ಎಳೆ ಚಪ್ಪಟೆಯಾಗುತ್ತೆ. ಇದು ಓದಿ ಬರುವ ವಿದ್ಯೆ ಅಲ್ಲ, ಹತ್ತು ಸಲ ತಿರುಗಿಸಿದ ಬೆರಳಿಗೆ ಬರುವಂಥದ್ದು.

ನೀರಿನ ಕಥೆಯೂ ಹಾಗೇ. ಪಾವಗಡ, ಮಧುಗಿರಿ, ಶಿರಾ ಕಡೆಯವರಿಗೆ ಗಡಸು ನೀರು ಅಂದರೆ ಏನು ಅಂತ ಹೇಳಬೇಕಾಗಿಲ್ಲ; ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟೋದು, ಸೋಪು ನೊರೆ ಬರದೇ ಇರೋದು ಎಲ್ಲ ನೋಡಿದ್ದಾರೆ. ಗಡಸು ಎಷ್ಟು ಅಂತ ಅಳೆಯೋದು ಕೆಮಿಸ್ಟ್ರಿ ಲ್ಯಾಬಿನ ಹಳೇ ಪ್ರಯೋಗ. 50 ಮಿ.ಲೀ. ನೀರಿಗೆ ಬಫರ್ ದ್ರಾವಣ, ಇಂಡಿಕೇಟರ್ ಹಾಕಿದರೆ ದ್ರಾಕ್ಷಾರಸದ ಕೆಂಪು ಬಣ್ಣ. ಬ್ಯೂರೆಟ್‌ನಿಂದ ಇಡಿಟಿಎ ದ್ರಾವಣವನ್ನು ಹನಿಹನಿಯಾಗಿ ಬಿಡ್ತಾ ಹೋದರೆ ಒಂದು ಹಂತದಲ್ಲಿ ನೀಲಿಗೆ ತಿರುಗುತ್ತೆ. ದ್ರಾವಣ 0.01 ಮೋಲಾರ್ ಆಗಿದ್ದರೆ ಒಂದೊಂದು ಮಿ.ಲೀ.ಗೂ ಲೀಟರಿಗೆ 20 ಮಿಲಿಗ್ರಾಂ ಗಡಸು. 25 ಮಿ.ಲೀ. ಖರ್ಚಾದರೆ 500 ಮಿಲಿಗ್ರಾಂ. ಕುಡಿಯುವ ನೀರಿಗೆ ಬಿಐಎಸ್ ಹೇಳೋದು 200. ಬೇರೆ ನೀರಿನ ಮೂಲ ಇಲ್ಲದಿದ್ದರೆ 600ರವರೆಗೆ. ಬಣ್ಣ ತಿರುಗಿದ್ದು ಗಮನಿಸದೆ 2 ಮಿ.ಲೀ. ಜಾಸ್ತಿ ಬಿಟ್ಟರೆ ಲೆಕ್ಕದಲ್ಲಿ 40 ಮಿಲಿಗ್ರಾಂ ಸುಳ್ಳು ಸೇರಿತು. (ಇದರಲ್ಲಿ ಫ್ಲೋರೈಡ್ ಗೊತ್ತಾಗಲ್ಲ, ಅದಕ್ಕೆ ಬೇರೆಯೇ ಪರೀಕ್ಷೆ.)

ಎಲೆಕ್ಟ್ರಿಕಲ್ ಲ್ಯಾಬ್‌ನಲ್ಲಿ ಹುಡುಗರು ತಪ್ಪು ಮಾಡಲೇಬೇಕು. ಆಮ್ಮೀಟರ್ ಸೀರೀಸ್‌ನಲ್ಲಿ, ವೋಲ್ಟ್‌ಮೀಟರ್ ಪ್ಯಾರಲಲ್‌ನಲ್ಲಿ ಅಂತ ಬಾಯಿಪಾಠ ಇರುತ್ತೆ. ಮೊದಲ ಸಲ ಕೈಗೆ ಕೊಟ್ಟಾಗ ಉಲ್ಟಾ ಹಾಕುವವರು ಇದ್ದೇ ಇರ್ತಾರೆ. ಮೇಷ್ಟ್ರು ನೋಡಿದ ಮೇಲೇ ಸ್ವಿಚ್ ಹಾಕುವ ಪದ್ಧತಿ ಇದ್ದರೆ ಬೈಗುಳದಲ್ಲಿ ಮುಗಿಯುತ್ತೆ, ಇಲ್ಲದಿದ್ದರೆ ಒಂದು ಫ್ಯೂಸ್ ಹೋಗಬಹುದು. ಅದೇ ತಪ್ಪು ನಾಳೆ ಯಾರದೋ ಅಂಗಡಿಯ ಬೋರ್ಡಿನಲ್ಲಿ, ಪಂಪ್‌ಸೆಟ್ ಸ್ಟಾರ್ಟರ್‌ನಲ್ಲಿ ಆದರೆ ಫ್ಯೂಸಿನಲ್ಲಿ ನಿಲ್ಲೋ ಗ್ಯಾರಂಟಿ ಇಲ್ಲ.

ಹಾಗಾದರೆ ತೊಂದರೆ ಎಲ್ಲಿ? ಉಪಕರಣ ಕಡಿಮೆ, ಹುಡುಗರು ಜಾಸ್ತಿ ಆದಾಗ. ಒಂದು ಸ್ಕ್ರೂಗೇಜ್ ಸುತ್ತ ಎಂಟು ಜನ ನಿಂತರೆ ಒಬ್ಬ ತಿರುಗಿಸ್ತಾನೆ, ಒಬ್ಬ ಬರ್ಕೊಳ್ತಾನೆ, ಉಳಿದ ಆರು ಜನ ಅವನದ್ದು ನೋಡಿ ಇಳಿಸ್ತಾರೆ. ಅದೂ ಆಗದಿದ್ದರೆ ಸೀನಿಯರ್ ರೆಕಾರ್ಡ್ ಬುಕ್ ಇದೆಯಲ್ಲ. ಕೆಂಪು ಇಂಕಿನ ಸಹಿ ಬಿದ್ದರೆ ಇಂಟರ್ನಲ್ಸ್ ಪಕ್ಕಾ. ಮೂರು ವರ್ಷ ಹೀಗೇ ದಾಟಿದವನ ಕೈಗೆ ಸರ್ಟಿಫಿಕೇಟ್ ಬರುತ್ತೆ, ವರ್ನಿಯರ್ ಹಿಡಿಯೋಕೆ ಬರಲ್ಲ. ಐಟಿಐ ಇಲ್ಲವೇ ಪಿಯುಸಿ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರುವವರಿಗಂತೂ ಈ ಲ್ಯಾಬ್ ಕಣ್ಣಿಗೇ ಬೀಳೋದಿಲ್ಲ.

ಅದಕ್ಕೇ ಅಡ್ಮಿಷನ್‌ಗೆ ಹೋದ ದಿನ ಇನ್ನೊಂದು ಅರ್ಧ ಗಂಟೆ ಇಟ್ಟುಕೊಳ್ಳಿ. ರಾಜ್ಯದ ಸಿಲಬಸ್ ಬದಲಾಗ್ತಾ ಇರುತ್ತೆ, ಸಿ-15 ಆಯ್ತು, ಸಿ-20 ಬಂತು. ಹಾಗಾಗಿ ಮೊದಲ ವರ್ಷಕ್ಕೆ ಈಗ ಯಾವ್ಯಾವ ಲ್ಯಾಬ್ ಇವೆ, ವಾರಕ್ಕೆ ಎಷ್ಟು ಗಂಟೆ ಅಂತ ಆಫೀಸಿನಲ್ಲೇ ಕೇಳಿ. ಆಮೇಲೆ ಲ್ಯಾಬ್ ತೋರಿಸಿ ಅನ್ನಿ. ಒಂದು ಬ್ಯಾಚಿಗೆ ಎಷ್ಟು ಜನ, ಒಂದು ಸೆಟ್ಟಿಗೆ ಎಷ್ಟು ಜನ? ಬೀರುವಿಗೆ ಬೀಗ ಹಾಕಿದ್ದರೆ, ಬೀಗದ ಮೇಲೆ ಧೂಳು ಎಷ್ಟಿದೆ ಅಂತಲೂ ನೋಡಿ. ಸಾಧ್ಯವಾದರೆ ಅಲ್ಲಿನ ಎರಡು-ಮೂರು ಹುಡುಗರ ರೆಕಾರ್ಡ್ ಬುಕ್ ತೆರೆಯಿರಿ. ಒಂದೇ ತಂತಿ ಅಳೆದರೂ ನಿಜವಾದ ರೀಡಿಂಗ್ ಒಬ್ಬನದು 0.25 ಬಂದರೆ ಇನ್ನೊಬ್ಬನದು 0.26 ಬರುತ್ತೆ, ಮಧ್ಯೆ ಹೊಡೆದುಹಾಕಿ ತಿದ್ದಿದ್ದೂ ಇರುತ್ತೆ. ಎಲ್ಲರದ್ದೂ ಅಕ್ಷರಕ್ಕೆ ಅಕ್ಷರ ಒಂದೇ ಇದ್ದರೆ, ಆ ತಂತಿಯನ್ನು ಅವರು ಮುಟ್ಟಿದ್ದು ಅನುಮಾನ.